ಸತ್ತೇ ಹೋಯ್ತು ಅಂದುಕೊಂಡಿದ್ದ ಟ್ಯಾಂಗೋ: ತವರೂರು ಬ್ಯೂನಸ್ ಐರಿಸ್‌ನಲ್ಲಿ ಮತ್ತೆ ಎದ್ದು ಬಂದಿದ್ದು ಹೇಗೆ?

ಅರ್ಜೆಂಟೀನಾ ಅಂದ್ರೆ ನಮ್ಮ ಹುಡುಗರಿಗೆ ಥಟ್ ಅಂತ ನೆನಪಾಗೋದು ಮರಡೋನಾ, ಮೆಸ್ಸಿ. ಫುಟ್‌ಬಾಲ್ ಬಿಟ್ಟರೆ ಆ ದೇಶ ಜಗತ್ತಿಗೆ ಕೊಟ್ಟ ಇನ್ನೊಂದು ದೊಡ್ಡ ವಸ್ತು ಅಂದ್ರೆ ಟ್ಯಾಂಗೋ. ಸಿನಿಮಾದಲ್ಲಿ ನೋಡಿರ್ತೀರಿ. ಕೋಟು ಹಾಕಿದ ಗಂಡಸು, ಕೆಂಪು ಬಟ್ಟೆಯ ಹೆಂಗಸು, ಬಾಯಲ್ಲಿ ಗುಲಾಬಿ. ಆದರೆ ಈ ಡಾನ್ಸ್ ಹುಟ್ಟಿದ ಊರಿನವರು ಅದನ್ನ ಹಾಗೆ ಕುಣಿಯಲ್ಲ. ಅಲ್ಲಿ ಅದು ಸ್ಟೇಜ್ ಐಟಂ ಅಲ್ಲವೇ ಅಲ್ಲ. ಸಂಜೆ ಕೆಲಸ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಬಡಾವಣೆಯ ಕ್ಲಬ್ಬಿಗೆ ಹೋಗಿ ನೆರೆಹೊರೆಯವರ ಜೊತೆ ಹಾಕೋ ಹೆಜ್ಜೆ.

ಇಂಥ ಡಾನ್ಸ್ ತನ್ನ ತವರಲ್ಲೇ ಸುಮಾರು 30 ವರ್ಷ ಮೂಲೆಗೆ ಬಿದ್ದಿತ್ತು. ಯುವಕರು ‘ಅಜ್ಜಂದಿರ ಹಾಡು’ ಅಂತ ಮೂಗು ಮುರಿಯುತ್ತಿದ್ದರು. 1983ರ ನಂತರ ಅದು ಮತ್ತೆ ಎದ್ದು ನಿಂತಿತು. ಅದು ಹೇಗೆ ಸಾಧ್ಯವಾಯ್ತು, ಯಾರು ಉಳಿಸಿದರು, ಉಳಿಸೋವಾಗ ಏನು ಕಳ್ಕೊಂಡರು? ಇಲ್ಲಿದೆ ಪೂರ್ತಿ ಮಾಹಿತಿ.

ಒಂದೇ ನೋಟದಲ್ಲಿ

ಹುಟ್ಟಿದ ಜಾಗ: ರಿಯೊ ಡೆ ಲಾ ಪ್ಲಾಟಾ ನದಿ ಮುಖಜದ ಎರಡೂ ದಡ. ಒಂದು ಕಡೆ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಇನ್ನೊಂದು ಕಡೆ ಉರುಗ್ವೆಯ ಮೊಂಟೆವಿಡಿಯೊ.
ಕಾಲ: 19ನೇ ಶತಮಾನದ ಕೊನೆ.
ಸುವರ್ಣ ಕಾಲ: 1935ರಿಂದ 1950ರ ದಶಕದ ಮಧ್ಯದವರೆಗೆ.
ಕುಸಿತ: 1955ರಿಂದ 1983.
ಯುನೆಸ್ಕೊ ಪಟ್ಟಿಗೆ ಸೇರಿದ್ದು: 2009.
ಕುಣಿಯೋ ಜಾಗದ ಹೆಸರು: ಮಿಲೋಂಗಾ.

ಹುಟ್ಟಿದ್ದು ಯಾರ ಮನೆಯಲ್ಲಿ?

1869ರಲ್ಲಿ ಬ್ಯೂನಸ್ ಐರಿಸ್ ಜನಸಂಖ್ಯೆ 2 ಲಕ್ಷವೂ ಇರಲಿಲ್ಲ. 1914ರ ಜನಗಣತಿ ಹೊತ್ತಿಗೆ 15 ಲಕ್ಷ ದಾಟಿತ್ತು. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಇಟಲಿ, ಸ್ಪೇನ್ ಕಡೆಯಿಂದ ಹಡಗು ಹತ್ತಿ ಕೂಲಿಗೆ ಬಂದವರೇ ಜಾಸ್ತಿ. ಒಂದೇ ವಠಾರದಲ್ಲಿ ಹತ್ತಾರು ಸಂಸಾರ, ನಡುವೆ ಒಂದು ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ. ಬಂದವರಲ್ಲಿ ಗಂಡಸರೇ ಹೆಚ್ಚು, ಅದರಲ್ಲೂ ಒಂಟಿ ಗಂಡಸರು.

ಈ ಬಂದರು ಊರಿನಲ್ಲಿ ಮೊದಲಿನಿಂದ ಇದ್ದ ಆಫ್ರಿಕಾ ಮೂಲದವರ ಕಂದೊಂಬೆ ತಾಳ, ಕ್ಯೂಬಾದಿಂದ ಬಂದ ಹಬನೇರಾ, ಹಳ್ಳಿ ಕಡೆಯ ಮಿಲೋಂಗಾ ಹಾಡು, ಯುರೋಪಿನ ವಾಲ್ಟ್ಸ್, ಪೋಲ್ಕಾ ಎಲ್ಲ ಕಲಸಿ ಟ್ಯಾಂಗೋ ಆಯ್ತು. ಆಫ್ರಿಕಾ ಮೂಲದವರ ಪಾಲನ್ನ ಆಮೇಲಿನ ಚರಿತ್ರೆ ಬಹಳ ಕಾಲ ಬದಿಗೆ ತಳ್ಳಿತು. ಈಗೀಗ ಅದನ್ನ ಮತ್ತೆ ಎತ್ತಿ ಹೇಳ್ತಿದ್ದಾರೆ.

ಟ್ಯಾಂಗೋಗೆ ಆ ಅಳುವ ಹಾಗಿನ ದನಿ ಕೊಟ್ಟಿದ್ದು ಬ್ಯಾಂಡೋನಿಯನ್. ನೋಡೋಕೆ ನಮ್ಮ ಹಾರ್ಮೋನಿಯಂನ ದೂರದ ನೆಂಟ. ಎರಡೂ ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸೋದು. ಇದು ಜರ್ಮನಿಯಿಂದ ಬಂದ ವಾದ್ಯ.

ಮೊದಲಿಗೆ ಊರಿನ ಶ್ರೀಮಂತರು ಇದನ್ನ ಹತ್ತಿರ ಸೇರಿಸಲಿಲ್ಲ. 1910ರ ನಂತರ ಪ್ಯಾರಿಸ್‌ನಲ್ಲಿ ಟ್ಯಾಂಗೋ ಹುಚ್ಚು ಹಿಡಿಯಿತು. ಪ್ಯಾರಿಸ್ ಒಪ್ಪಿದ ಮೇಲೆ ಬ್ಯೂನಸ್ ಐರಿಸ್‌ನ ದೊಡ್ಡ ಮನೆಗಳೂ ಒಪ್ಪಿದವು. ಈ ಮಾತು ನೆನಪಿಟ್ಕೊಳ್ಳಿ, 70 ವರ್ಷ ಆದಮೇಲೆ ಇದೇ ಕಥೆ ಮತ್ತೆ ನಡೀತದೆ.

ಸುವರ್ಣ ಕಾಲದ ಹೆಸರುಗಳು

ಕಾರ್ಲೋಸ್ ಗಾರ್ಡೆಲ್ ಅನ್ನೋ ಗಾಯಕ ಟ್ಯಾಂಗೋ ಹಾಡನ್ನ ಮನೆಮನೆಗೆ ಮುಟ್ಟಿಸಿದ. 1935ರ ಜೂನ್ 24ರಂದು ಕೊಲಂಬಿಯಾದ ಮೆಡೆಯಿನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅದೇ ವರ್ಷ ಹುವಾನ್ ದಾರಿಯೆನ್ಸೊ ಅವರ ಆರ್ಕೆಸ್ಟ್ರಾ ಚುರುಕು ತಾಳ ಹಿಡಿದು ಜನರನ್ನ ಮತ್ತೆ ಕುಣಿಯೋಕೆ ಎಬ್ಬಿಸಿತು. ಕಾರ್ಲೋಸ್ ಡಿ ಸಾರ್ಲಿ, ಅನೀಬಲ್ ತ್ರೊಯ್ಲೊ, ಒಸ್ವಾಲ್ಡೊ ಪುಗ್ಲಿಯೆಸೆ ಹೀಗೆ ಒಬ್ಬೊಬ್ಬರದ್ದೂ ಒಂದೊಂದು ಶೈಲಿ. ಒಬ್ಬೊಬ್ಬರಿಗೂ ಅಭಿಮಾನಿಗಳ ದಂಡು.

ಆಗ ಕಲಿಯೋ ಕ್ರಮ ಹೇಗಿತ್ತು ಗೊತ್ತಾ? ಕ್ಲಾಸು, ಫೀಸು ಏನೂ ಇಲ್ಲ. ಹುಡುಗರು ‘ಪ್ರಾಕ್ಟಿಕಾ’ ಅನ್ನೋ ಅಭ್ಯಾಸಕ್ಕೆ ಹೋಗಬೇಕು. ಅಲ್ಲಿ ಗಂಡಸರು ಗಂಡಸರ ಜೊತೆಯೇ ಕಲೀತಿದ್ದರು. ಮೊದಲು ತಿಂಗಳುಗಟ್ಟಲೆ ಹೆಣ್ಣಿನ ಪಾತ್ರದ ಹೆಜ್ಜೆ, ಅಂದ್ರೆ ಹಿಂಬಾಲಿಸೋದು. ಅದು ಕೈಗೂಡಿದ ಮೇಲೆ ನಡೆಸೋದು. ದೊಡ್ಡವರು ‘ಸಾಕು, ಇನ್ನು ಹೋಗಬಹುದು’ ಅಂದ ಮೇಲೇ ಮಿಲೋಂಗಾಕ್ಕೆ ಪ್ರವೇಶ. ಹುಡುಗಿಯರು ಮನೆಯಲ್ಲೇ ಅಕ್ಕ, ಅಣ್ಣ, ಅಮ್ಮನ ಹತ್ತಿರ ಕಲೀತಿದ್ದರು. ಪುಸ್ತಕದಲ್ಲಿ ಬರೆದಿಟ್ಟ ವಿದ್ಯೆ ಇದಾಗಿರಲಿಲ್ಲ. ಮೈಯಿಂದ ಮೈಗೆ ದಾಟೋ ವಿದ್ಯೆ. ಮುಂದೆ ಇದೇ ದೊಡ್ಡ ಸಮಸ್ಯೆ ಆಯ್ತು.

ಬಿದ್ದಿದ್ದು ಹೇಗೆ?

ಒಂದೇ ಕಾರಣ ಹೇಳೋಕೆ ಆಗಲ್ಲ. ಮೂರು ಏಟು ಒಟ್ಟೊಟ್ಟಿಗೆ ಬಿದ್ದವು.

ಮೊದಲನೇದು ರಾಜಕೀಯ. 1955ರಲ್ಲಿ ಅಧ್ಯಕ್ಷ ಪೆರೋನ್ ಅವರನ್ನ ಸೇನೆ ಇಳಿಸಿತು. ಟ್ಯಾಂಗೋ ಕಲಾವಿದರಲ್ಲಿ ಪೆರೋನ್ ಕಡೆಯವರು ಬಹಳ ಜನ ಇದ್ದರು. ಅವರಿಗೆ ಅವಕಾಶ ಕಡಿಮೆಯಾಯ್ತು. ಪುಗ್ಲಿಯೆಸೆ ಕಮ್ಯುನಿಸ್ಟ್. ಅವರನ್ನ ಪೆರೋನ್ ಕಾಲದಲ್ಲೂ ಜೈಲಿಗೆ ಹಾಕಿದ್ದರು. ಅವರು ಜೈಲಲ್ಲಿದ್ದಾಗ ಆರ್ಕೆಸ್ಟ್ರಾ ಕಾರ್ಯಕ್ರಮ ನಿಲ್ಲಿಸಲಿಲ್ಲ. ಅವರ ಖಾಲಿ ಪಿಯಾನೊ ಮೇಲೆ ಒಂದು ಕೆಂಪು ಕಾರ್ನೇಶನ್ ಹೂವಿಟ್ಟು ನುಡಿಸಿದರು.

ಎರಡನೇದು ಮಾರುಕಟ್ಟೆ. 1950ರ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಬಂತು, ಟಿವಿ ಬಂತು. 1962ರಲ್ಲಿ ಶುರುವಾದ ‘ಎಲ್ ಕ್ಲಬ್ ದೆಲ್ ಕ್ಲಾನ್’ ಅನ್ನೋ ಟಿವಿ ಕಾರ್ಯಕ್ರಮ ಹೊಸ ಹುಡುಗರ ಪಾಪ್ ಹಾಡುಗಳನ್ನ ದೇಶದ ತುಂಬಾ ಹಬ್ಬಿಸಿತು. ಹತ್ತು ಹನ್ನೆರಡು ಜನರ ಟ್ಯಾಂಗೋ ಆರ್ಕೆಸ್ಟ್ರಾಕ್ಕೆ ಸಂಬಳ ಕೊಡೋರು ಇಲ್ಲದೆ ಒಂದೊಂದೇ ಮುಚ್ಚಿದವು. ಆಸ್ತೊರ್ ಪಿಯಾತ್ಸೊಲಾ ಟ್ಯಾಂಗೋ ಸಂಗೀತವನ್ನ ಬೇರೆ ಎತ್ತರಕ್ಕೆ ಒಯ್ದರು ನಿಜ. ಆದರೆ ಅದು ಕೂತು ಕೇಳೋ ಸಂಗೀತ, ಕಾಲು ಹಾಕೋಕೆ ಅಲ್ಲ.

ಮೂರನೇದು ಭಯ. 1974ರ ಕೊನೆಯಿಂದ 1983ರವರೆಗೆ ಅರ್ಜೆಂಟೀನಾದಲ್ಲಿ ತುರ್ತುಸ್ಥಿತಿ ಇತ್ತು. 1976ರಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿಯಿತು. ಆ ಏಳು ವರ್ಷದಲ್ಲಿ ಸುಮಾರು 30 ಸಾವಿರ ಜನ ಕಾಣೆಯಾದರು ಅಂತ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ರಾತ್ರಿ ಹತ್ತು ಜನ ಒಂದು ಕಡೆ ಸೇರೋದೇ ಅನುಮಾನಕ್ಕೆ ಕಾರಣ ಆಗೋ ಕಾಲದಲ್ಲಿ ಯಾರು ಹೋಗಿ ಕುಣೀತಾರೆ? ಟ್ಯಾಂಗೋ ಕುಣಿಬೇಡಿ ಅಂತ ಕಾನೂನು ಮಾಡೋ ಅಗತ್ಯವೇ ಬೀಳಲಿಲ್ಲ.

ಆದರೂ ಪೂರ್ತಿ ಆರಿಹೋಗಲಿಲ್ಲ. ವಿಯಾ ಉರ್ಕೀಸಾದಂಥ ಬಡಾವಣೆಗಳ ಸಂಡರ್‌ಲ್ಯಾಂಡ್, ಸಿನ್ ರುಂಬೊ ಥರದ ಕ್ಲಬ್ಬುಗಳಲ್ಲಿ ಹಳಬರು ಹೆಜ್ಜೆ ಬಿಡಲಿಲ್ಲ. ಬಾಸ್ಕೆಟ್‌ಬಾಲ್ ಅಂಕಣದಲ್ಲೇ ಮೇಜು ಕುರ್ಚಿ ಹಾಕ್ಕೊಂಡು, ಗ್ರಾಮಫೋನ್ ತಟ್ಟೆ ಹಾಕಿ ಕುಣೀತಿದ್ದರು. ಹೊಸಬರು ಮಾತ್ರ ಬರ್ತಿರಲಿಲ್ಲ.

1983: ಪ್ಯಾರಿಸ್‌ನಿಂದ ಬಂದ ಸುದ್ದಿ

1983ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ‘ಟ್ಯಾಂಗೋ ಅರ್ಜೆಂಟೀನೊ’ ಅನ್ನೋ ಪ್ರದರ್ಶನ ನಡೆಯಿತು. ಕಟ್ಟಿದವರು ಕ್ಲಾಡಿಯೊ ಸೆಗೋವಿಯಾ ಮತ್ತು ಹೆಕ್ಟರ್ ಒರೆಜ್ಜೊಲಿ. ಇವರು ಮಾಡಿದ ಜಾಣತನ ಅಂದ್ರೆ, ಸಿನಿಮಾ ತಾರೆಯರ ಥರ ಇರೋ ಜೋಡಿಗಳನ್ನ ಹುಡುಕಲಿಲ್ಲ. ನಿಜವಾಗಿ ಕುಣಿದು ಬೆಳೆದವರನ್ನ ಕರೆದೊಯ್ದರು. ಹುವಾನ್ ಕಾರ್ಲೋಸ್ ಕೋಪೆಸ್ ಮತ್ತು ಮರಿಯಾ ನಿಯೆವೆಸ್ ಇದ್ದರು. ನೂರು ಕಿಲೋಗೂ ಮೇಲೆ ತೂಗುತ್ತಿದ್ದ ವಿರುಲಾಸೊ, ಅವರ ಜೋಡಿ ಎಲ್ವಿರಾ ಇದ್ದರು. ಹೊಟ್ಟೆ ಬಂದ ನಡುವಯಸ್ಸಿನ ಮನುಷ್ಯ ಬೆಕ್ಕಿನ ಹಾಗೆ ಹೆಜ್ಜೆ ಇಡೋದನ್ನ ನೋಡಿ ಜನ ಬೆರಗಾದರು.

ಅದೇ ವರ್ಷ ಡಿಸೆಂಬರ್ 10ರಂದು ರಾವುಲ್ ಅಲ್ಫೊನ್ಸಿನ್ ಅಧ್ಯಕ್ಷರಾಗಿ ಅರ್ಜೆಂಟೀನಾಕ್ಕೆ ಪ್ರಜಾಪ್ರಭುತ್ವ ವಾಪಸ್ ಬಂತು. 1985ರಲ್ಲಿ ಪ್ರದರ್ಶನ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಹೋಗಿ ಅಲ್ಲೂ ಗೆದ್ದಿತು. ಹೊರಗಿನವರು ಚಪ್ಪಾಳೆ ಹೊಡೆದ ಮೇಲೆ ಊರಿನವರಿಗೆ ತಮ್ಮ ಮನೆಯ ಪೆಟ್ಟಿಗೆ ನೆನಪಾಯ್ತು. ಭಯ ಹೋಗಿತ್ತು, ರಾತ್ರಿ ಹೊರಗೆ ಬರಬಹುದಿತ್ತು. ಯುವಕರು ಟ್ಯಾಂಗೋ ಕಲಿಯೋಕೆ ಸಾಲು ನಿಂತರು.

ಆದರೆ ಕಲಿಸೋರು ಯಾರು?

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ. 1945ರಲ್ಲಿ 20 ವರ್ಷ ಇದ್ದವನಿಗೆ 1983ರಲ್ಲಿ 58. ಅವನಿಗೂ ಹೊಸ ಹುಡುಗನಿಗೂ ನಡುವೆ ಒಂದು ಇಡೀ ತಲೆಮಾರು ಖಾಲಿ. ಮೊದಲಾಗಿದ್ದರೆ 30 ವರ್ಷದವನು 18ರವನಿಗೆ ಹೇಳಿಕೊಡ್ತಿದ್ದ. ಈಗ ಅಜ್ಜನ ಹತ್ತಿರವೇ ಹೋಗಬೇಕು. ಅಜ್ಜಂದಿರಿಗೆ ಕುಣಿಯೋಕೆ ಬರ್ತಿತ್ತು, ವಿವರಿಸೋಕೆ ಬರ್ತಿರಲಿಲ್ಲ. ‘ಹೀಗೆ ಮಾಡು’ ಅಂತ ಮಾಡಿ ತೋರಿಸೋರು, ಅಷ್ಟೇ.

ಹಾಗಾಗಿ 80 ಮತ್ತು 90ರ ದಶಕದಲ್ಲಿ ನಡೆದಿದ್ದು ಒಂಥರಾ ಸಮಯದ ಜೊತೆ ಓಟ. ಸಾಂಸ್ಕೃತಿಕ ಕೇಂದ್ರಗಳಲ್ಲಿ ಕ್ಲಾಸು ಶುರುವಾದವು. ಆಂತೋನಿಯೊ ತೊದಾರೊ, ಪೆಪಿತೊ ಅವೆಯನೇಡಾರಂಥ ಹಳಬರ ಸುತ್ತ ಹೊಸಬರು ಸೇರಿದರು. ಗುಸ್ತಾವೊ ನವೇರಾ, ಫಾಬಿಯನ್ ಸಾಲಸ್ ಮುಂತಾದವರು ಹಳಬರ ಹೆಜ್ಜೆಗಳನ್ನ ಬಿಡಿಬಿಡಿಯಾಗಿ ಬಿಚ್ಚಿ, ಯಾವ ತಿರುವು ಯಾಕೆ ಬರ್ತದೆ ಅಂತ ತರ್ಕ ಹುಡುಕಿದರು. ಸುಸಾನಾ ಮಿಲ್ಲರ್ ಅವರು ಊರ ನಡುವಿನ ಕಿಕ್ಕಿರಿದ ಹಾಲ್‌ಗಳಲ್ಲಿ ಎದೆಗೆ ಎದೆ ತಾಗಿಸಿ, ಚಿಕ್ಕ ಹೆಜ್ಜೆಯಲ್ಲಿ ಕುಣಿಯೋ ಕ್ರಮವನ್ನ ‘ಮಿಲೋಂಗೆರೊ’ ಶೈಲಿ ಅಂತ ಕಲಿಸಿದರು.

ಸಂಗೀತದಲ್ಲೂ ಇದೇ ಕಥೆ. 2000ನೇ ಇಸವಿಯಲ್ಲಿ ಟ್ಯಾಂಗೋ ಆರ್ಕೆಸ್ಟ್ರಾ ಶಾಲೆ ಶುರುವಾಯ್ತು. ಅದನ್ನ ನಡೆಸೋಕೆ ಬಂದವರು ಎಮಿಲಿಯೊ ಬಾಲ್ಕಾರ್ಸೆ, ಪುಗ್ಲಿಯೆಸೆ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸಿದವರು. ಕಾಗದದ ಮೇಲಿನ ಸ್ವರಲಿಪಿಯಲ್ಲಿ ಇಲ್ಲದ ಎಷ್ಟೋ ವಿಷಯ ಅವರ ಕಿವಿಯಲ್ಲಿ, ಕೈಯಲ್ಲಿ ಇತ್ತು. ಎಲ್ಲಿ ಎಳೀಬೇಕು, ಎಲ್ಲಿ ಒತ್ತಬೇಕು ಅನ್ನೋದನ್ನ ಪಕ್ಕದಲ್ಲಿ ಕೂತು ಹುಡುಗರಿಗೆ ಹೇಳಿಕೊಟ್ಟರು. ಹತ್ತು ವರ್ಷ ತಡ ಮಾಡಿದ್ದರೆ ಹೇಳಿಕೊಡೋರೇ ಇರ್ತಿರಲಿಲ್ಲ.

ವಾದ್ಯದ ಕಥೆ ಇನ್ನೂ ಕಷ್ಟದ್ದು. ಒಳ್ಳೆ ಬ್ಯಾಂಡೋನಿಯನ್ ಅಂದ್ರೆ ಜರ್ಮನಿಯ ಕಾರ್ಲ್ಸ್‌ಫೆಲ್ಡ್‌ನ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆಯದ್ದು. ಎರಡನೇ ಮಹಾಯುದ್ಧದ ನಂತರ ಆ ಕಾರ್ಖಾನೆ ಕೈ ಬದಲಾಗಿ, ಆಮೇಲೆ ಬ್ಯಾಂಡೋನಿಯನ್ ತಯಾರಿಯೇ ನಿಂತಿತು. ಇರೋ ಹಳೇ ವಾದ್ಯಗಳನ್ನ ವಿದೇಶಿಯರು ಡಾಲರ್ ಕೊಟ್ಟು ಕೊಂಡೊಯ್ಯತೊಡಗಿದರು. ಕೊನೆಗೆ 2009ರಲ್ಲಿ ಬ್ಯಾಂಡೋನಿಯನ್ ರಕ್ಷಣೆಗೆ ಅಂತಲೇ ಅರ್ಜೆಂಟೀನಾ ಒಂದು ಕಾನೂನು ಮಾಡಬೇಕಾಯ್ತು.

ಮಿಲೋಂಗಾದಲ್ಲಿ ಹೇಗೆ ನಡೀತದೆ?

ಹೊರಗಿನವರಿಗೆ ಅಲ್ಲಿನ ನಿಯಮ ವಿಚಿತ್ರ ಅನ್ನಿಸಬಹುದು. ಮುಖ್ಯವಾದವು ಇಷ್ಟು.

ಕಬೆಸೆಯೊ: ‘ಬರ್ತೀರಾ ಕುಣಿಯೋಣ’ ಅಂತ ಬಾಯಿಬಿಟ್ಟು ಕೇಳಂಗಿಲ್ಲ. ದೂರದಿಂದ ಕಣ್ಣಲ್ಲಿ ಕಣ್ಣಿಟ್ಟು ಸಣ್ಣಗೆ ತಲೆ ಆಡಿಸಬೇಕು. ಎದುರಿನವರಿಗೆ ಇಷ್ಟ ಇದ್ದರೆ ತಲೆ ಆಡಿಸ್ತಾರೆ, ಇಲ್ಲದಿದ್ದರೆ ಬೇರೆ ಕಡೆ ನೋಡ್ತಾರೆ. ಯಾರ ಮರ್ಯಾದೆಯೂ ಹೋಗಲ್ಲ.

ತಾಂಡಾ: ಒಂದೇ ಆರ್ಕೆಸ್ಟ್ರಾದ ಮೂರು ಅಥವಾ ನಾಲ್ಕು ಹಾಡುಗಳ ಗುಂಪು. ಅಷ್ಟೂ ಹಾಡು ಒಬ್ಬರ ಜೊತೆಯೇ ಕುಣೀಬೇಕು. ನಡುವೆ ಬಿಟ್ಟು ಬಂದರೆ ಅವಮಾನ ಮಾಡಿದ ಹಾಗೆ.

ಕೊರ್ತಿನಾ: ಅಂದ್ರೆ ಪರದೆ. ಎರಡು ತಾಂಡಾ ನಡುವೆ ಟ್ಯಾಂಗೋ ಅಲ್ಲದ ಬೇರೆ ತುಣುಕು ಹಾಕ್ತಾರೆ. ಆಗ ಎಲ್ಲರೂ ತಮ್ಮ ಜಾಗಕ್ಕೆ ವಾಪಸ್.

ರೋಂಡಾ: ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ಮುಂದಿನವರಿಗೆ ಡಿಕ್ಕಿ ಹೊಡೆಯೋ ಹಾಗಿಲ್ಲ.

ಟ್ಯಾಂಗೋ, ವಾಲ್ಸ್, ಮಿಲೋಂಗಾ ಅಂತ ಮೂರು ಬಗೆಯ ಹಾಡು ಸರದಿ ಮೇಲೆ ಬರ್ತವೆ. ಹೆಜ್ಜೆ ಮೊದಲೇ ಗೊತ್ತು ಮಾಡಿದ್ದಲ್ಲ, ಆ ಕ್ಷಣಕ್ಕೆ ಹುಟ್ಟೋದು. 70 ದಾಟಿದವರು, 20ರ ಹುಡುಗಿ, ಟ್ಯಾಕ್ಸಿ ಓಡಿಸೋರು, ಡಾಕ್ಟರ್ ಎಲ್ಲರೂ ಒಂದೇ ಸುತ್ತಿನಲ್ಲಿ ಇರ್ತಾರೆ.

ದುಡ್ಡು ಬಂತು, ಜೊತೆಗೆ ತೊಂದರೆಯೂ

1990ರಲ್ಲಿ ರಾಷ್ಟ್ರೀಯ ಟ್ಯಾಂಗೋ ಅಕಾಡೆಮಿ ಸ್ಥಾಪನೆಯಾಯ್ತು. ಕವಿ ಒರಾಸಿಯೊ ಫೆರೆರ್ ಅದರ ಸ್ಥಾಪಕರು. 1996ರಲ್ಲಿ ಸಂಸತ್ತು ಟ್ಯಾಂಗೋವನ್ನ ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಅಂತ ಕಾನೂನಿನ ಮೂಲಕ ಘೋಷಿಸಿತು. 1998ರಲ್ಲಿ ನಗರಾಡಳಿತವೂ ಅಂಥದ್ದೇ ಕಾನೂನು ತಂದಿತು, ಟ್ಯಾಂಗೋ ಉತ್ಸವ ಶುರುಮಾಡಿತು. 2003ರಲ್ಲಿ ಮೊದಲ ವಿಶ್ವ ಟ್ಯಾಂಗೋ ಚಾಂಪಿಯನ್‌ಶಿಪ್ ನಡೆಯಿತು. ಈಗ ಅದು ಆಗಸ್ಟ್ ತಿಂಗಳ ದೊಡ್ಡ ಜಾತ್ರೆ.

ನಡುವೆ 2001ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಆರ್ಥಿಕತೆ ಕುಸಿದುಬಿತ್ತು. ಅಲ್ಲಿಯವರೆಗೆ ಒಂದು ಪೆಸೊಗೆ ಒಂದು ಡಾಲರ್ ಅಂತ ಕಟ್ಟಿಟ್ಟಿದ್ದರು. 2002ರಲ್ಲಿ ಆ ಕಟ್ಟು ಬಿಚ್ಚಿ ಪೆಸೊ ಬೆಲೆ ಪಾತಾಳಕ್ಕೆ ಹೋಯ್ತು. ಊರಿನವರಿಗೆ ಕಷ್ಟ, ಪ್ರವಾಸಿಗರಿಗೆ ಸುಗ್ಗಿ. ಡಾಲರ್ ಹಿಡಿದು ಯುರೋಪ್, ಅಮೆರಿಕಾ, ಜಪಾನ್‌ನಿಂದ ಜನ ಟ್ಯಾಂಗೋ ಕಲಿಯೋಕೆ ಬಂದರು. ಕೆಲಸ ಕಳ್ಕೊಂಡ ಎಷ್ಟೋ ಹುಡುಗ ಹುಡುಗಿಯರಿಗೆ ಟ್ಯಾಂಗೋ ಪಾಠವೇ ಅನ್ನ ಕೊಟ್ಟಿತು.

ಆದರೆ ಎರಡು ಟ್ಯಾಂಗೋ ಹುಟ್ಟಿಕೊಂಡವು. ಒಂದು ಊಟದ ಜೊತೆ ತೋರಿಸೋ ಷೋ. ಕಾಲು ಆಕಾಶಕ್ಕೆ ಎತ್ತೋದು, ದೀಪದ ಬೆಳಕು, ಬೆಲೆ ಡಾಲರ್‌ನಲ್ಲಿ. ಇನ್ನೊಂದು ಬಡಾವಣೆ ಮಿಲೋಂಗಾ. ಇದಕ್ಕೆ ಬಾಡಿಗೆ ಕಟ್ಟೋದೇ ಕಷ್ಟ. ಉತ್ಸವದ ಪೋಸ್ಟರ್‌ನಲ್ಲಿ ಮೊದಲನೇದೇ ಕಾಣ್ತದೆ, ಪರಂಪರೆ ಉಳಿದಿರೋದು ಎರಡನೇದರಲ್ಲಿ.

ಬೆಂಕಿ ಅನಾಹುತ ಮತ್ತು ಬೀಗ

2004ರ ಡಿಸೆಂಬರ್ 30ರ ರಾತ್ರಿ ಬ್ಯೂನಸ್ ಐರಿಸ್‌ನ ‘ರಿಪಬ್ಲಿಕಾ ಕ್ರೊಮನ್ಯೊನ್’ ಅನ್ನೋ ಹಾಲ್‌ನಲ್ಲಿ ರಾಕ್ ಕಾರ್ಯಕ್ರಮದ ವೇಳೆ ಬೆಂಕಿ ಬಿದ್ದು 194 ಜನ ಸತ್ತರು. ಬಹುಪಾಲು ಹುಡುಗರು. ಅದಾದ ಮೇಲೆ ಅಧಿಕಾರಿಗಳು ಊರಿನ ಕುಣಿಯೋ ಜಾಗಗಳನ್ನೆಲ್ಲ ತಪಾಸಣೆ ಮಾಡಿ ಬೀಗ ಹಾಕಿದರು. ಹಲವು ಮಿಲೋಂಗಾಗಳೂ ಮುಚ್ಚಿದವು.

ಸುರಕ್ಷತೆ ಬೇಡ ಅಂತ ಯಾರೂ ಹೇಳೋ ಹಾಗಿಲ್ಲ, 194 ಜೀವ ಹೋಗಿದೆ. ಆದರೆ ಐವತ್ತು ಅರವತ್ತು ಜನ ವಯಸ್ಸಾದವರು ನೀರು, ವೈನ್ ಕುಡಿದು ಕುಣಿಯೋ ಹಾಲಿಗೂ, ಸಾವಿರಾರು ಜನ ತುಂಬೋ ಡಿಸ್ಕೋಗೂ ಒಂದೇ ನಿಯಮ ಅಂದ್ರೆ ಹೇಗೆ ಅನ್ನೋದು ಸಂಘಟಕರ ಪ್ರಶ್ನೆಯಾಗಿತ್ತು. ಸಂಘಟಕರು ಒಂದಾಗಿ ಬಹಳ ವರ್ಷ ಓಡಾಡಿದರು. 2016ರಲ್ಲಿ ಮಿಲೋಂಗಾಗಳಿಗೆ ಬೆಂಬಲ ಕೊಡೋ ಕಾನೂನಿಗೆ ನಗರದ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಟ್ಯಾಂಗೋ ಪರಂಪರೆ ಅಂತ ಘೋಷಿಸಿ 18 ವರ್ಷ ಆದಮೇಲೆ, ಅದನ್ನ ಕುಣಿಯೋ ಜಾಗಕ್ಕೂ ಕಾನೂನಿನ ಆಸರೆ ಸಿಕ್ಕಿತು ಅನ್ನಿ.

ಹಳೇ ಕಟ್ಟಡಗಳದ್ದೂ ಇದೇ ಪಾಡು. 1912ರ ‘ಕನ್ಫಿತೆರಿಯಾ ಇದೆಯಾಲ್’ ಅನ್ನೋ ಹೆಸರಾಂತ ಕಾಫಿ ಮನೆಯ ಮಹಡಿಯಲ್ಲಿ ಮಿಲೋಂಗಾ ನಡೀತಿತ್ತು. ದುರಸ್ತಿಗೆ ಅಂತ 2016ರಲ್ಲಿ ಮುಚ್ಚಿದ್ದು ಬಾಗಿಲು ತೆಗೆದಿದ್ದು 2022ರಲ್ಲಿ.

ನಿಯಮ ಬದಲಾಗ್ತಿದೆ

ಗಂಡು ನಡೆಸಬೇಕು, ಹೆಣ್ಣು ಹಿಂಬಾಲಿಸಬೇಕು ಅನ್ನೋದನ್ನ ಹೊಸ ತಲೆಮಾರು ಹಾಗೇ ಒಪ್ಪಲಿಲ್ಲ. 2000ದ ದಶಕದಲ್ಲಿ ‘ಲಾ ಮಾರ್ಷಲ್’, ‘ಟ್ಯಾಂಗೋ ಕ್ವೀರ್’ ಥರದ ಮಿಲೋಂಗಾಗಳು ಶುರುವಾದವು. ಇಲ್ಲಿ ಯಾರು ಯಾರ ಜೊತೆ ಬೇಕಾದರೂ, ಯಾವ ಪಾತ್ರ ಬೇಕಾದರೂ ಕುಣಿಯಬಹುದು. 2013ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಒಂದೇ ಲಿಂಗದ ಜೋಡಿಗಳು ಸ್ಪರ್ಧಿಸಿದವು. ಮಿಲೋಂಗಾದಲ್ಲಿ ಕಿರುಕುಳ ಆದರೆ ಏನು ಮಾಡಬೇಕು ಅಂತ ಮಹಿಳಾ ನೃತ್ಯಗಾರ್ತಿಯರು ಲಿಖಿತ ನಿಯಮ ತಯಾರಿಸಿದರು.

‘ಸಂಪ್ರದಾಯ ಕೆಡ್ತು’ ಅಂದ ಹಿರಿಯರು ಇದ್ದಾರೆ. ಆದರೆ ಮೊದಲ ತಲೆಮಾರಿನ ಗಂಡಸರು ಗಂಡಸರ ಜೊತೆ ಕುಣಿದೇ, ಹಿಂಬಾಲಿಸೋ ಪಾತ್ರ ಮಾಡಿಯೇ ಕಲಿತಿದ್ದು ಅನ್ನೋದೂ ಅದೇ ಸಂಪ್ರದಾಯದ ಭಾಗ.

ಕೋವಿಡ್ ಹೊಡೆತ

2020ರ ಮಾರ್ಚ್‌ನಲ್ಲಿ ಎಲ್ಲ ಮಿಲೋಂಗಾ ಬಂದ್. ಅಪ್ಪಿಕೊಂಡು ಕುಣಿಯೋ ಡಾನ್ಸ್‌ಗೆ ಇದಕ್ಕಿಂತ ಕೆಟ್ಟ ಕಾಯಿಲೆ ಇನ್ನೊಂದಿಲ್ಲ. ಪಾಠ ಹೇಳಿ ಬದುಕುತ್ತಿದ್ದವರಿಗೆ ಆದಾಯವೇ ನಿಂತಿತು. ವಯಸ್ಸಾದ ನೃತ್ಯಗಾರರಿಗೆ ಅಪಾಯ ಹೆಚ್ಚಿತ್ತು. 1983ರಲ್ಲಿ ಪ್ಯಾರಿಸ್ ಗೆದ್ದು ಬಂದಿದ್ದ ಹುವಾನ್ ಕಾರ್ಲೋಸ್ ಕೋಪೆಸ್ 2021ರ ಜನವರಿಯಲ್ಲಿ ಕೋವಿಡ್‌ಗೆ ಬಲಿಯಾದರು, 89 ವರ್ಷ. ಹೊರಾಂಗಣದಲ್ಲಿ, ಪಾರ್ಕ್‌ಗಳಲ್ಲಿ ನಿಧಾನಕ್ಕೆ ಮತ್ತೆ ಕುಣಿತ ಶುರುವಾಯ್ತು. ಬೆಲ್ಗ್ರಾನೊ ಬಡಾವಣೆಯ ಪಾರ್ಕ್‌ನಲ್ಲಿರೋ ‘ಲಾ ಗ್ಲೊರಿಯೆತಾ’ ಮಂಟಪದಂಥ ತೆರೆದ ಜಾಗದ ಬೆಲೆ ಆಗ ಎಲ್ಲರಿಗೂ ಗೊತ್ತಾಯ್ತು.

ಇದರಿಂದ ತಿಳಿಯೋದೇನು?

ಟ್ಯಾಂಗೋ ಉಳಿದಿದ್ದಕ್ಕೆ ಯುನೆಸ್ಕೊ ಪ್ರಮಾಣಪತ್ರ ಕಾರಣ ಅಂತ ಹಲವರು ತಿಳ್ಕೊಂಡಿದ್ದಾರೆ. ದಿನಾಂಕ ನೋಡಿ. ಯುನೆಸ್ಕೊ ಮನ್ನಣೆ 2009ರದ್ದು. ಅಷ್ಟರಲ್ಲಿ ಪುನರುಜ್ಜೀವನ ಶುರುವಾಗಿ 25 ವರ್ಷ ಕಳೆದಿತ್ತು. ನಿಜವಾಗಿ ಉಳಿಸಿದ್ದು ನಾಲ್ಕು ವಿಷಯ. ಯಾರೂ ನೋಡದಿದ್ದಾಗಲೂ ಬಿಡದೆ ಕುಣಿದ ಹಳಬರು. ಅವರು ಬದುಕಿರುವಾಗಲೇ ಹೋಗಿ ಕೇಳಿದ ಹೊಸಬರು. ಬಾಡಿಗೆ ಕಮ್ಮಿ ಇರೋ ಬಡಾವಣೆ ಕ್ಲಬ್ಬುಗಳು. ಮತ್ತೆ ರಾತ್ರಿ ಭಯವಿಲ್ಲದೆ ಸೇರೋಕೆ ಬಿಟ್ಟ ಪ್ರಜಾಪ್ರಭುತ್ವ. ಪ್ಯಾರಿಸ್‌ನ ಚಪ್ಪಾಳೆ ಬಾಗಿಲು ತಟ್ಟಿತು, ಆದರೆ ಒಳಗೆ ಯಾರೋ ಇದ್ದಿದ್ದಕ್ಕೇ ಬಾಗಿಲು ತೆರೆಯಿತು.

ಇವತ್ತು ಟ್ಯಾಂಗೋ ಜಗತ್ತಿನ ಬಹುತೇಕ ದೊಡ್ಡ ಊರುಗಳಲ್ಲಿ ಇದೆ. ನಮ್ಮ ಬೆಂಗಳೂರಲ್ಲೂ ಕಲಿಯೋರು, ಕಲಿಸೋರು ಇದ್ದಾರೆ. ಆದರೆ ಡಾನ್ಸ್ ಉಳಿದಿದೆಯಾ ಅಂತ ನೋಡಬೇಕಾದರೆ ಚಾಂಪಿಯನ್‌ಶಿಪ್ ನೋಡಬಾರದು. ಬ್ಯೂನಸ್ ಐರಿಸ್‌ನ ಯಾವುದೋ ಬಡಾವಣೆಯಲ್ಲಿ, ವಾರದ ಮಧ್ಯದ ಒಂದು ಮಾಮೂಲಿ ರಾತ್ರಿ, ಟಿಕೆಟ್ ಕೊಟ್ಟು ಕುಣಿಯೋಕೆ ಬಂದವರು ಎಷ್ಟು ಜನ, ಅವರಲ್ಲಿ ಅದೇ ಬೀದಿಯವರು ಎಷ್ಟು ಅಂತ ನೋಡಬೇಕು.

ಮಿಲೋಂಗಾಗಳಲ್ಲಿ ರಾತ್ರಿಯ ಕೊನೇ ಹಾಡಾಗಿ ‘ಲಾ ಕುಂಪರ್ಸಿತಾ’ ಹಾಕೋದು ರೂಢಿ. ಮೊಂಟೆವಿಡಿಯೊದ ಹೆರಾರ್ಡೊ ಮಾತೊಸ್ ರೊದ್ರಿಗಸ್ ಅನ್ನೋರು ಕಟ್ಟಿದ ಹಾಡು ಅದು, ನೂರು ವರ್ಷಕ್ಕೂ ಹಳೇದು. ಅದು ಬಂತು ಅಂದ್ರೆ ಎಲ್ಲರಿಗೂ ಗೊತ್ತು, ಇನ್ನು ಕೋಟು ಎತ್ಕೊಂಡು ಮನೆಗೆ ಹೊರಡೋದು. ನಾಳೆ ಬೇರೆ ಬಡಾವಣೆ, ಬೇರೆ ಕ್ಲಬ್ಬು.